ಹನಮಂತಪ್ಪನ ಲಾನಿನಲ್ಲಿ ಕುರಿಹಟ್ಟಿ

ಶಲವಡಿಯಲ್ಲಿ ಹುಲ್ಲಿಗೆ ಮರ್ಯಾದೆ ಇಲ್ಲ. ಕರಕಿ ಹುಲ್ಲು ಹೊಕ್ಕ ಹೊಲದವನನ್ನು ಊರು ನೋಡುವ ರೀತಿಯೇ ಬೇರೆ, ಮನೆಯಲ್ಲಿ ಜಡ್ಡು ಇದ್ದವರನ್ನು ಮಾತಾಡಿಸಿದ ಹಾಗೆ ದನಿ ತಗ್ಗಿಸಿ ಮಾತಾಡಿಸುತ್ತಾರೆ. ನಮ್ಮ ಕರಿ ಎರಿ ನೆಲದಲ್ಲಿ ಕರಕಿಯ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆಂದರೆ, ಅದನ್ನು ಕೀಳಿಸಲು ತಂದ ಟ್ರ್ಯಾಕ್ಟರು ತಾನೇ ಹೂತುಕೊಂಡು, ಅದನ್ನು ಕೀಳಲು ಇನ್ನೊಂದು ಟ್ರ್ಯಾಕ್ಟರು ಬಂದದ್ದನ್ನು ನಾವು ಕಂಡಿದ್ದೇವೆ. ಇಂಥ ಊರಿನಲ್ಲಿ ಹನಮಂತಪ್ಪ ಮನೆಯ ಮುಂದಿನ ಅಂಗಳದಲ್ಲಿ ಬೇಕೆಂದೇ ಹುಲ್ಲು ಬೆಳೆಸತೊಡಗಿದಾಗ ಜನ ಮೊದಲು ನಕ್ಕರು, ಆಮೇಲೆ ಪಾಪ ಅಂದರು, ಕೊನೆಗೆ ಅವನ ಹುಲ್ಲು ಗೋಡೆ ಹಾರಿ ತಮ್ಮ ಹೊಲಕ್ಕೆ ಬಂದರೆ ಏನು ಗತಿ ಎಂದು ಚಿಂತೆಗೆ ಬಿದ್ದರು.

ಹನಮಂತಪ್ಪ ಸರಕಾರಿ ಬಂಗಲೆಯೊಂದರ ಮಾಲಿಯಾಗಿ ನಿವೃತ್ತನಾದವನು. ಅವನ ಮಾತು ಕೇಳಿದರೆ ಬಂಗಲೆಯನ್ನು ನಡೆಸುತ್ತಿದ್ದವನು ಅವನೇ, ಸಾಹೇಬರುಗಳು ನಡುನಡುವೆ ಬಂದು ಇದ್ದು ಹೋಗುತ್ತಿದ್ದರು ಅಷ್ಟೆ. “ನಾವು ಬಂಗಲೇದಾಗಿದ್ದಾಗ” ಎಂದು ಅವನು ಶುರು ಮಾಡಿದರೆ ಊರ ಕಟ್ಟೆಯ ಮೇಲೆ ಕೂತವರಿಗೆ ಒಬ್ಬೊಬ್ಬರಿಗೇ ಎಮ್ಮೆಗೆ ನೀರು ಕುಡಿಸುವುದು ನೆನಪಾಗುತ್ತಿತ್ತು. ಆ ಬಂಗಲೆಯ ಮುಂದೆ ಒಂದು ಲಾನ್ ಇತ್ತು. ಅದರ ಮೇಲೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಸಾಹೇಬರು ಚಹಾ ಕುಡಿಯುತ್ತಿದ್ದರು. ಹನಮಂತಪ್ಪ ತನ್ನ ನೌಕರಿಯನ್ನೆಲ್ಲ ಆ ಹುಲ್ಲಿನ ಮೇಲೆ ಬಗ್ಗಿಯೇ ಕಳೆದ. ಒಂದು ದಿನವೂ ಅದರ ಮೇಲೆ ಕೂತವನಲ್ಲ. ಹೀಗಾಗಿ ತನ್ನ ಹುಲ್ಲಿನ ಮೇಲೆ ತನ್ನ ಕುರ್ಚಿ ಹಾಕಿ, ದೊಡ್ಡ ಮನುಷ್ಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಚಹಾ ಕುಡಿಯಬೇಕೆಂಬ ಆಸೆ ಅವನಿಗೆ ಹುಟ್ಟಿತು. ತಪ್ಪೇನಿಲ್ಲ. ನಮ್ಮಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ಪಂಚಾಯ್ತಿ ಚುನಾವಣೆಗೆ ನಿಂತವರಿದ್ದಾರೆ.

ಅವನಿಗೆ ಇನ್ನೊಂದು ಆಸೆಯೂ ಇತ್ತು. ಅದನ್ನು ಅವನು ಕಟ್ಟೆಯ ಮೇಲೆ ಹೇಳುತ್ತಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ತಮ್ಮ ಭೀಮಶಿ ಒಮ್ಮೆ ತನ್ನ ಮನೆಯ ಹೊಸ್ತಿಲು ತುಳಿಯಬೇಕು.

ಅವರದು ಕುರಿಯ ಮನೆತನ. ಅಪ್ಪನ ಕುರಿಗಳು ಭೀಮಶಿಯ ಪಾಲಿಗೆ ಬಂದವು, ಖಾಕಿ ಅಂಗಿ ಹನಮಂತಪ್ಪನ ಪಾಲಿಗೆ ಬಂತು. ಅವನು ನೌಕರಿಯಲ್ಲಿದ್ದಾಗ ಒಂದು ಮುಂಜಾನೆ ಭೀಮಶಿಯ ಹಿಂಡು ಬಂಗಲೆಯ ಮುಂದಿನಿಂದ ಹೊರಟಿತ್ತು. ಗೇಟು ತೆರೆದಿತ್ತು. ಕುರಿಗಳಿಗೆ ಸರಕಾರಿ ಹುಲ್ಲು, ಖಾಸಗಿ ಹುಲ್ಲು ಎಂಬ ಭೇದ ತಿಳಿಯದು. ನಾಲ್ಕಾರು ಒಳಗೆ ನುಗ್ಗಿದವು. ಸಾಹೇಬರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಯಾರ ಕುರಿ ಇವು ಎಂದು ಕೇಳಿದರು. ಹನಮಂತಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, “ಗೊತ್ತಿಲ್ರಿ ಸಾಹೇಬ್ರ” ಅಂದುಬಿಟ್ಟ. ಭೀಮಶಿ ಗೇಟಿನ ಹತ್ತಿರ, ಅವನ ಕಣ್ಣೆದುರಿಗೇ ನಿಂತಿದ್ದ. ಯಾರದೂ ಅಲ್ಲದ ಕುರಿಗಳನ್ನು ಏನು ಮಾಡಬೇಕೋ ಅದನ್ನೇ ಮಾಡಿದರು: ಬೀಡಾಡಿ ದನ ಕೂಡಿಹಾಕುವ ಕೊಂಡವಾಡಕ್ಕೆ ಅಟ್ಟಿದರು. ಭೀಮಶಿ ದಂಡ ಕಟ್ಟಿ ಬಿಡಿಸಿಕೊಂಡು ಹೋದ. ದಂಡದ ಸಿಟ್ಟು ಅವನಿಗೆ ಆ ಸಂಜೆಗೇ ಇಳಿದಿತ್ತು. ಉಳಿದದ್ದು ಆ ಮಾತಿನ ಸಿಟ್ಟು. “ಅಂವಗ ನಾ ಯಾರಂತ ಗೊತ್ತಿಲ್ಲಂತ. ಗೊತ್ತಾಗಲಿ, ಬರ್ತೀನಿ,” ಎಂದು ಬಂಧುಗಳ ಮುಂದೆ ಹೇಳಿದವನು ಮುಂದೆ ಅಣ್ಣನ ಮನೆಯ ಕಡೆ ತಲೆ ಹಾಕಲಿಲ್ಲ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಶಲವಡಿಯನ್ನು ದಾಟುವಾಗ ಕೂಡ ಊರೊಳಗಿನ ದಾರಿ ಬಿಟ್ಟು, ಹಳ್ಳದ ಗುಂಟ ಸುತ್ತು ಹಾಕಿ ಹೋಗುತ್ತಿದ್ದ.

ಹನಮಂತಪ್ಪ ಕ್ಷಮೆ ಕೇಳಬಹುದಿತ್ತು. ಆದರೆ ಬಂಗಲೆಯಲ್ಲಿ ಅವನು ಕಲಿತ ವಿದ್ಯೆಗಳಲ್ಲಿ ಅದು ಇರಲಿಲ್ಲ; ಅಲ್ಲಿ ತಪ್ಪು ಮಾಡಿದವರು ವರ್ಗವಾಗಿ ಹೋಗುತ್ತಿದ್ದರು. ಕ್ಷಮೆ ಕೇಳುವ ಬದಲು ಅವನು ಹುಲ್ಲು ಬೆಳೆಸಿದ.

ನಮ್ಮ ಎರಿ ನೆಲ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆಂದು ಕಲಘಟಗಿ ಕಡೆಯಿಂದ ಕೆಂಪು ಮಣ್ಣು ತರಿಸಿದ. ಬೋರಿನ ನೀರು ಸವಳು, ಕೆರೆಯ ನೀರು ಕುಡಿಯಲು. ಮೊದಲ ಸಲ ಬಂಗಲೆಯ ಪದ್ಧತಿಯಂತೆ ಬಿಳಿ ಗೊಬ್ಬರ ಚೆಲ್ಲಿ ಸವಳು ನೀರು ಬಿಟ್ಟ. ಹುಲ್ಲು ಹುಳುಕಡ್ಡಿ ಎದ್ದ ತಲೆಯ ಹಾಗೆ ಅಲ್ಲಲ್ಲಿ ಸುಟ್ಟುಹೋಯಿತು. ಉಳಿದದ್ದನ್ನು ಕತ್ತರಿಸಿ ಎಮ್ಮೆಗೆ ಹಾಕಲು ಹೋದಾಗ ಹೆಂಡತಿ ಲಕ್ಷ್ಮವ್ವ ಬುಟ್ಟಿಯನ್ನೇ ಕಸಿದುಕೊಂಡಳು. ಆ ಗೊಬ್ಬರದ ಹುಲ್ಲು ತನ್ನ ಎಮ್ಮೆಯ ಬಾಯಿಗೆ ಬಿದ್ದರೆ ನಾಳೆಯಿಂದ ಹಾಲನ್ನು ಅವನೇ ಕೊಡಬೇಕಾಗುತ್ತದೆ ಎಂದಳು.

ಅಂದಿನಿಂದ ಹನಮಂತಪ್ಪ ಸಾವಯವಕ್ಕೆ ಬಂದ. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಉತ್ಸಾಹ ನಮಗೆಲ್ಲ ಗೊತ್ತೇ ಇದೆ. ಮೊಬೈಲಿನಲ್ಲಿ ಹುಲ್ಲಿನ ವಿಡಿಯೋ ಬಿಟ್ಟು ಬೇರೆ ನೋಡುವುದನ್ನು ನಿಲ್ಲಿಸಿದ. ಆಕಳ ಸೆಗಣಿ, ಗಂಜಲ, ಬೆಲ್ಲ, ಕಡ್ಲಿ ಹಿಟ್ಟು ಕಲಸಿ ಡ್ರಮ್ಮಿನಲ್ಲಿ ಕೊಳೆಹಾಕಿದ. ಗೆದ್ದಲಿಗೆ ಬೇವಿನ ಹಿಂಡಿ, ಹಳದಿಯಾದಲ್ಲಿ ಹುಳಿ ಮಜ್ಜಿಗೆ, ಕಸಕ್ಕೆ ಎರಡು ಬೆರಳು. ಕಳೆ ಕೀಳಲು ಮುಂಜಾನೆ ಕುಕ್ಕರುಗಾಲಲ್ಲಿ ಕೂತವನು ಬಿಸಿಲೇರಿದ ಮೇಲೆ ಇನ್ನೊಬ್ಬರ ಕೈ ಹಿಡಿದು ಏಳುತ್ತಿದ್ದ. ಸ್ನಾನದ ನೀರು ನೇರ ಹುಲ್ಲಿಗೆ ಹೋಗುವಂತೆ ಕಾಲುವೆ ತೆಗೆದು, ಮನೆಯಲ್ಲಿ ಸಾಬೂನು ಬಂದ್ ಮಾಡಿದ. ಗಂಡ ಹೆಂಡತಿ ಇಬ್ಬರೂ ಕಡ್ಲಿ ಹಿಟ್ಟು ತಿಕ್ಕಿಕೊಂಡು ಮೀಯುತ್ತಿದ್ದರು. ಎಣ್ಣೆಯಲ್ಲಿ ಬಿಡುವುದೊಂದೇ ಬಾಕಿ ಎಂದು ಲಕ್ಷ್ಮವ್ವ ಬಾವಿಕಟ್ಟೆಯಲ್ಲಿ ಹೇಳಿಕೊಂಡಳು.

ಡ್ರಮ್ಮಿನ ವಾಸನೆ ಮೊದಲು ಮುಟ್ಟಿದ್ದು ಬಾಜು ಮನೆಯ ಫಾತಿಮಾಬಿಗೆ. ಗೋಡೆಯ ಮೇಲೆ ಗದ್ದವಿಟ್ಟು ಮಾತಾಡುವುದು ಆಕೆಯ ರೂಢಿ.

“ಹನಮಂತಣ್ಣಾ, ಯಮನೂರು ದರ್ಗಾಕ್ಕ ಹೋಗಿ ನಿನಗ ಬುದ್ಧಿ ಕೊಡಂತ ಬೇಡಕೊಂಡ್ ಬಂದೀನಿ. ಊರ ಮಂದಿ ಕರಕಿ ಕಿತ್ತು ಕಿತ್ತು ಸಾಯಾಕತ್ತೈತಿ, ನೀ ಅದಕ್ಕ ಬೆಲ್ಲ ತಿನಸಾಕತ್ತೀಯಲ್ಲೋ.”

ಇದು ಕರಕಿಯಲ್ಲ, ಲಾನ್ ಎಂದು ಹನಮಂತಪ್ಪ ತಿದ್ದಿದ. ಜೀವಾಣುಗಳ ಬಗ್ಗೆಯೂ ಸ್ವಲ್ಪ ಹೇಳಿದ. ಫಾತಿಮಾಬಿ ಸೆರಗು ಮೂಗಿಗೆ ಹಿಡಿದುಕೊಂಡೇ ಪೂರ್ತಿ ಕೇಳಿದಳು, ಯಾಕೆಂದರೆ ಆಕೆಗೂ ಅವನ ಮೇಲೆ ಕನಿಕರವಿತ್ತು.

ಆದರೂ ಒಪ್ಪಬೇಕಾದ ಮಾತು ಒಪ್ಪಲೇಬೇಕು. ಹುಲ್ಲು ಬಂತು. ಸುತ್ತ ಕಡಲೆ ಕಿತ್ತು ಬರಿದಾದ ಕರಿ ಹೊಲಗಳ ನಡುವೆ ಅವನ ಅಂಗಳ ತುಂಬು ಹಸಿರಾಗಿ, ತಂಪಾಗಿ ಮಲಗಿರುತ್ತಿತ್ತು. ‘ಹುಲ್ಲಿನ ಮೇಲೆ ಕಾಲಿಡಬಾರದು’ ಎಂದು ಬಂಗಲೆಯ ಅಕ್ಷರದಲ್ಲೇ ಒಂದು ಫಲಕ ನೆಟ್ಟ. ನಗುತ್ತಿದ್ದ ನಾವೂ ಸಂಜೆ ಆ ಕಡೆ ತಿರುಗಾಡಲು ಹೋಗಿ, ಫಲಕ ಓದಿ, ಗೋಡೆಯಾಚೆ ನಿಂತು ಕಣ್ಣು ತಂಪು ಮಾಡಿಕೊಂಡು ಬರುತ್ತಿದ್ದೆವು. ಅಣ್ಣಿಗೇರಿಯಲ್ಲಿ ಶಿಕ್ಷಕಿಯಾಗಿರುವ ಮಗಳು ಸೀಮಾ ಅದರ ಫೋಟೋವನ್ನು ಹುಬ್ಬಳ್ಳಿಯ ತೋಟಪ್ರಿಯರ ಬಳಗವೊಂದಕ್ಕೆ ಕಳಿಸಿದಳು. ಬಳಗದ ಅಧ್ಯಕ್ಷರು ನಾಲ್ಕು ಮಂದಿಯನ್ನು ಕರೆದುಕೊಂಡು ಬರುವ ರವಿವಾರ ತಾವೇ ಬಂದು ನೋಡುತ್ತೇವೆಂದು ಫೋನು ಮಾಡಿದರು. ಚಲೋ ಅನಿಸಿದರೆ ‘ಆದರ್ಶ ಅಂಗಳ’ ಎಂಬ ಬಹುಮಾನವೂ ಉಂಟು.

ಹನಮಂತಪ್ಪ ಬೆತ್ತದ ಕುರ್ಚಿ ತರಿಸಿದ. ಕಪ್ಪು-ಬಸಿ ತರಿಸಿದ. ಸಾಹೇಬರು ಯಾವ ಕುರ್ಚಿಯಲ್ಲಿ, ತಾನು ಯಾವುದರಲ್ಲಿ ಎಂದು ಗೋಡೆಯಾಚೆ ನಿಂತವರಿಗೂ ವಿವರಿಸಿದ. ಇಷ್ಟೆಲ್ಲ ಮಾಡಿ, ವಾರದ ನಡುವೆ ಒಂದು ದಿನ ಚೀಲದಲ್ಲಿ ಜೋಳ ತುಂಬಿಕೊಂಡು, ಎಲೆ ಅಡಿಕೆ ಕಟ್ಟಿಕೊಂಡು ಸೈಕಲ್ ಹತ್ತಿದ. ಎಲ್ಲಿಗೆಂದು ಕೇಳಿದರೆ, ಲಾನಿನ ಒಂದು ಮೂಲೆ ಹಳದಿಯಾಗಿದೆ, ಗೊಬ್ಬರದ ವ್ಯವಸ್ಥೆ ಆಗಬೇಕು ಎಂದ. ಮೂಲೆ ಹಳದಿಯಾದದ್ದು ನಿಜ. ಬೆಕ್ಕು ಕಾಲು ಚಾಚಿ ಮಲಗಿದರೆ ಮುಚ್ಚಿಹೋಗುವಷ್ಟು.

ನಮ್ಮ ಕಡೆಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಬೆಳೆ ಮನೆಗೆ ಬಂದು ಹೊಲ ಬರಿದಾದ ಮೇಲೆ ಕುರಿಗಾರರನ್ನು ಕರೆದು ಹೊಲದಲ್ಲಿ ಹಟ್ಟಿ ಹಾಕಿಸುತ್ತಾರೆ. ಕುರಿಗಳು ಬಲೆಯೊಳಗೆ ಮಲಗೆದ್ದು ಹೋದರೆ ಸಾಕು, ಹಿಕ್ಕಿ ಗಂಜಲದಿಂದ ನೆಲ ತುಂಬಿಕೊಳ್ಳುತ್ತದೆ. ಕರೆಯಲು ಹೊಲದವನೇ ಜೋಳ ಹಿಡಿದು ಹೋಗಬೇಕು. ಹಟ್ಟಿ ಬಿದ್ದ ಸಂಜೆ ಅವನ ಮನೆಯಿಂದ ಕುರಿಗಾರನಿಗೆ ರೊಟ್ಟಿ ಹೋಗಬೇಕು. ಕುರಿಗಾರ ಬ್ಯಾಡ ಅನ್ನುವಂತಿಲ್ಲ. ಬೇಡವಾದವರ ರೊಟ್ಟಿಯಾದರೂ ಹಟ್ಟಿಯಲ್ಲಿ ಕೂತಾಗ ಉಣ್ಣಲೇಬೇಕು. ಮನೆಗೆ ಬಾರದ ತಮ್ಮನಿಗೆ ಮನೆಯ ರೊಟ್ಟಿ ಉಣಿಸಲು ಹನಮಂತಪ್ಪನಿಗೆ ಉಳಿದಿದ್ದ ದಾರಿ ಇದೊಂದೇ. ಆ ಪದ್ಧತಿ ಇರುವುದು ಬರಿ ಹೊಲಕ್ಕೆ, ಲಾನಿಗಲ್ಲ ಎಂಬುದು ಅವನ ಲೆಕ್ಕದಲ್ಲಿ ಬರಲಿಲ್ಲ, ಅಥವಾ ಬಂದರೂ ಅವನು ಮಾತಾಡಿಸಲಿಲ್ಲ.

ಅಣ್ಣಿಗೇರಿ ದಾರಿಯ ಹೊಲವೊಂದರಲ್ಲಿ ಭೀಮಶಿಯ ಹಟ್ಟಿ ಇತ್ತು. ಅಣ್ಣ ಸೈಕಲ್ ನೂಕಿಕೊಂಡು ಬರುವುದನ್ನು ಕಂಡು ಅವನು ಕಂಬಳಿ ಕೊಡವಿ ಹಾಸಿದ.

“ಬರ್ರಿ,” ಎಂದ.

ಒಡಹುಟ್ಟಿದವನಿಗೆ ಹೊಲದ ಒಡೆಯರಿಗೆ ಅನ್ನುವ ಹಾಗೆ ‘ಬರ್ರಿ’. ಹನಮಂತಪ್ಪ ಅದನ್ನು ನುಂಗಿಕೊಂಡು ಕೂತ. ಕೂತವನು ಸಾರಜನಕದಿಂದ ಶುರು ಮಾಡಿದ. ಕುರಿ ಹಿಕ್ಕಿಯಲ್ಲಿ ಏನೇನಿದೆ, ಎರೆಹುಳಕ್ಕೆ ಅದು ಎಷ್ಟು ಪ್ರೀತಿ, ರಾಸಾಯನಿಕದಿಂದ ನೆಲ ಹೇಗೆ ಸಾಯುತ್ತದೆ ಎಂದು ಹುಟ್ಟಿದಂದಿನಿಂದ ಕುರಿಯ ನಡುವೆ ಬದುಕಿದವನಿಗೆ ತಿಳಿಸಿಕೊಟ್ಟ. ಭೀಮಶಿ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿದ. ಅವನ ನಾಯಿಯೂ ಕೇಳಿತು.

“ಹೊಲ ಎಲ್ಲಿ ಬರತೈತ್ರಿ ನಿಮ್ದು?”

“ಹೊಲ ಅಲ್ಲ. ಮನಿ ಮುಂದಿನ ಅಂಗಳ.”

“ಅಂಗಳದಾಗ ಏನೈತ್ರಿ?”

“ಹುಲ್ಲೈತಿ.”

ಭೀಮಶಿ ತನ್ನ ಕುರಿಗಳ ಕಡೆ ನೋಡಿದ. “ಕುರಿ ಹುಲ್ಲು ತಿಂತಾವ್ರಿ.”

“ಹೊಟ್ಟಿ ತುಂಬಿದ್ದು ತಿನ್ನೂದಿಲ್ಲ.”

“ಹಂಗಂತ ಯಾರ್ ಹೇಳಿದ್ರಿ?”

“ಮೊಬೈಲ್‌ನಾಗ ಬಂದೈತಿ,” ಎಂದ ಹನಮಂತಪ್ಪ, ಬೇರೆ ಕಡೆ ನೋಡುತ್ತ.

ಭೀಮಶಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಶನಿವಾರ ಸಂಜೆ ತಾನು ಶಲವಡಿ ದಾಟುತ್ತೇನೆ, ಅವತ್ತು ಬೇಕಾದರೆ ಹಟ್ಟಿ ಹಾಕುತ್ತೇನೆ, ಇಲ್ಲವಾದರೆ ಬರುವ ವರ್ಷ ಎಂದ. ಹನಮಂತಪ್ಪ ಸೋಮವಾರ ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ಸೋಮವಾರಕ್ಕೆ ನೀರು ಮುಂದಿನ ಊರಿನಲ್ಲಿದೆ ಎಂಬ ಉತ್ತರ ಬಂತು. ಕುರಿಗಳು ಯಾರ ರವಿವಾರಕ್ಕೂ ಕಾಯುವುದಿಲ್ಲ. ಹನಮಂತಪ್ಪನ ಮನಸ್ಸಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತ ಅಧ್ಯಕ್ಷರಿದ್ದರು. ಎದುರಿಗೆ ಹರಕು ಕಂಬಳಿಯ ಮೇಲೆ ತಮ್ಮ ಇದ್ದ. ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಚಿದ, ಮತ್ತೆ ಬಿಚ್ಚಿದ.

“ಶನಿವಾರ ಬಾ,” ಎಂದ.

ಮನೆಯಲ್ಲಿ ಲಕ್ಷ್ಮವ್ವ ಕೇಳಿದ್ದು ನ್ಯಾಯವಾದ ಪ್ರಶ್ನೆ: “ರವಿವಾರ ಸಾಹೇಬ್ರು ಬರ್ತಾರ, ಶನಿವಾರ ಕುರಿ ಕರಸೀರಲ್ಲ, ತಲಿ ನೆಟ್ಟಗೈತಿಲ್ರಿ?” ಹಳದಿ ಮೂಲೆಗೆ ಮಾತ್ರ ಬಲೆ ಕಟ್ಟಿಸುತ್ತೇನೆ ಎಂದ ಹನಮಂತಪ್ಪ. ಯಾರ ಕುರಿ ಎಂದು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಆಕೆ ಅಂದೇ ಗುರೆಳ್ಳು ಹುರಿಯಲು ಕೂತಳು. ಗುರೆಳ್ಳು ಚಟ್ನಿ ಹನಮಂತಪ್ಪನಿಗೆ ಸೇರುವುದಿಲ್ಲ. ಅದು ಭೀಮಶಿಯ ಪ್ರೀತಿಯದು.

ಶನಿವಾರ ಹೊತ್ತು ಇಳಿಯುವಾಗ ಧೂಳೆಬ್ಬಿಸಿಕೊಂಡು ಹಿಂಡು ಬಂತು. ಹಳ್ಳದ ಗುಂಟ ಹೋಗಲಿಲ್ಲ, ಊರೊಳಗೇ ಬಂತು. ಕಟ್ಟೆಯ ಮೇಲಿನವರು ಎದ್ದು ನಿಂತರು. ದೊಡ್ಡ ಹಿಂಡನ್ನು ಹೊರಗಿನ ಬಯಲಿನಲ್ಲಿ ಜೊತೆಗಾರರಿಗೆ ಬಿಟ್ಟು, ಅಂಗಳಕ್ಕೆ ಹಿಡಿಸುವಷ್ಟನ್ನು ಬೇರೆ ಮಾಡಿಕೊಂಡು ಭೀಮಶಿ ಗೇಟಿಗೆ ಬಂದ. ಬಂದವನು ಫಲಕದ ಮುಂದೆ ನಿಂತ.

“ಏನ್ ಬರಸೀರಿ ಇದರಾಗ?”

ಹನಮಂತಪ್ಪ ಓದಿ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಭೀಮಶಿ ಕದಲಲಿಲ್ಲ. ಕುರಿಗಳು ಅವನ ಹಿಂದೆ ಒತ್ತಿಕೊಂಡು ನಿಂತಿದ್ದವು. ಹನಮಂತಪ್ಪ ಎರಡೂ ಕೈಯಿಂದ ಫಲಕ ಹಿಡಿದು ಅಲುಗಾಡಿಸಿ ಕಿತ್ತು ಗೋಡೆಗೆ ಒರಗಿಸಿದ. ಆಮೇಲೆ ಹಿಂಡು ಒಳಗೆ ಬಂತು.

ಹಳದಿ ಮೂಲೆಗೆ ಬಲೆ ಕಟ್ಟುವ ಮಾತು ಮಾತಾಗಿಯೇ ಉಳಿಯಿತು. ಇಷ್ಟು ಕುರಿ ಆ ಮೂಲೆಯಲ್ಲಿ ಒಂದರ ಮೇಲೊಂದು ನಿಂತರೂ ಹಿಡಿಸುವುದಿಲ್ಲ ಎಂದು ಭೀಮಶಿ ಅಂಗಳದ ಸುತ್ತಲೂ ಗೂಟ ಬಡಿದ. ಹೊಟ್ಟೆ ತುಂಬಿದ ಕುರಿಗಳು ಒಂದು ಕ್ಷಣ ಸುಮ್ಮನೆ ನಿಂತವು. ಬೆಲ್ಲ, ಮಜ್ಜಿಗೆ ಉಂಡು ಬೆಳೆದ ಇಂಥ ಹುಲ್ಲನ್ನು ಅವು ಜನ್ಮದಲ್ಲಿ ಕಂಡಿರಲಿಲ್ಲ. ಮೊದಲು ಒಂದು ಬಾಯಿ ಹಾಕಿತು. ಮುಂದೆ ಕರಕರ ಎಂಬ ಒಂದೇ ಸದ್ದು. ಹನಮಂತಪ್ಪ ಮನೆಯ ಕಟ್ಟೆಯ ಕಂಬ ಹಿಡಿದು ನಿಂತು ಆ ಸದ್ದು ಕೇಳುತ್ತಿದ್ದ. ಅಪ್ಪನ ಹಟ್ಟಿಯಲ್ಲಿ ಮಲಗುತ್ತಿದ್ದಾಗ ಕೇಳಿದ್ದ ಸದ್ದು. ಅವನ ಮುಖ ನೋಡಲು ಗೋಡೆಯ ಮೇಲೆ ಬಂದ ಫಾತಿಮಾಬಿ, ನೋಡಿ ಇಳಿದಳು.

ಲಕ್ಷ್ಮವ್ವ ರೊಟ್ಟಿ, ಚಟ್ನಿ, ಝುಣಕ ಇಟ್ಟುಕೊಂಡು ಹಟ್ಟಿಗೆ ಹೋದಳು. ಭೀಮಶಿ ಮನೆಗೆ ಬೆನ್ನು ಹಾಕಿ ಕೂತು ಉಂಡ. ಗುರೆಳ್ಳು ಚಟ್ನಿ ಎರಡನೆಯ ಸಲ ಹಾಕಿಸಿಕೊಂಡ. ಒಳಗೆ ಬಾ ಎಂದು ಆಕೆ ಕರೆದಾಗ, ತಾನು ಬಂದದ್ದು ಹಟ್ಟಿಗೆ, ಮನೆಗಲ್ಲ ಎಂದು ಕಂಬಳಿ ಹೊದ್ದು ಕುರಿಗಳ ನಡುವೆ ಮಲಗಿದ.

ರವಿವಾರ ಬೆಳಿಗ್ಗೆ ಎರಡು ಕಾರು ಬಂದವು. ಅಧ್ಯಕ್ಷರು ಬಿಸಿಲಿನ ಟೊಪ್ಪಿಗೆ ಹಾಕಿಕೊಂಡು, ಕ್ಯಾಮೆರಾ ಕುತ್ತಿಗೆಗೆ ಕಟ್ಟಿಕೊಂಡು ಇಳಿದರು. ಎದುರಿಗೆ ಆಗತಾನೇ ಕ್ಷೌರ ಮಾಡಿಸಿದ ತಲೆಯ ಹಾಗೆ ಅಂಗಳ. ಅದರ ತುಂಬ ಕರಿ ಹಿಕ್ಕಿ. ಬದಿಗೆ ಗುಂಪುಗೂಡಿ ಮೆಲುಕು ಹಾಕುತ್ತಿದ್ದ ಕುರಿಗಳು. ಒಂದು ಬೆತ್ತದ ಕುರ್ಚಿಯ ಮೇಲೆ ಮರಿಯೊಂದು ಹತ್ತಿ ನಿಂತಿತ್ತು. ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದೇನ್ರಿ ಹನಮಂತಪ್ಪನವರ,” ಎಂದರು ಅಧ್ಯಕ್ಷರು. “ಯಾರ ಕುರಿ ಇವು?”

ಬಲೆ ಸುತ್ತುತ್ತಿದ್ದ ಭೀಮಶಿಯ ಕೈ ನಿಂತಿತು. ಅವನು ತಿರುಗಲಿಲ್ಲ. ಲಕ್ಷ್ಮವ್ವ ಬಾಗಿಲಲ್ಲಿ ನಿಂತಿದ್ದಳು, ಫಾತಿಮಾಬಿ ಗೋಡೆಯ ಮೇಲಿದ್ದಳು, ಕಟ್ಟೆಯವರಾದ ನಾವು ಗೇಟಿನ ಹೊರಗಿದ್ದೆವು. ಕೇಳಿದವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಇದು ಹಳೆಯ ಪ್ರಶ್ನೆ. ಹನಮಂತಪ್ಪನ ಕೈ ತಾನಾಗಿ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕೆಳಗಿಳಿಯಿತು.

“ನಮ್ಮ ಭೀಮಶಿವು ಅದಾವ್ರಿ ಸಾಹೇಬ್ರ. ನನ್ನ ಬೆನ್ನಾಗ ಹುಟ್ಟಿದಾಂವ. ಅಲ್ಲಿ ನಿಂತಾನ ನೋಡ್ರಿ, ಅವನ. ನಾನ ಕರಸೀನ್ರಿ.”

ಅಧ್ಯಕ್ಷರಿಗೆ ಇಷ್ಟು ವಿವರ ಬೇಕಾಗಿರಲಿಲ್ಲ. ಅವರು ಮೊಬೈಲು ತೆಗೆದು ಸೀಮಾ ಕಳಿಸಿದ ಫೋಟೋ ಹುಡುಕಿ, ಅಂಗಳವನ್ನೊಮ್ಮೆ ಅದನ್ನೊಮ್ಮೆ ನೋಡಿ, ಈ ಲಾನ್ ಎಲ್ಲಿದೆ ಎಂದು ಕೇಳಿದರು. ಹನಮಂತಪ್ಪ ಬಾಯಿ ತೆರೆಯುವುದರೊಳಗೆ ಭೀಮಶಿ ತಿರುಗಿದ. ಗಂಭೀರವಾಗಿ ಕುರಿಗಳ ಹೊಟ್ಟೆಯ ಕಡೆ ಕೈ ಮಾಡಿ ತೋರಿಸಿದ.

“ಒಳಗೈತ್ರಿ,” ಎಂದ.

ಮೊದಲು ನಕ್ಕವಳು ಫಾತಿಮಾಬಿ. ಭೀಮಶಿ ಬಲೆಯನ್ನು ಅಲ್ಲಿಯೇ ಬಿಟ್ಟು, ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡ. ಟವೆಲ್ಲಿನಿಂದ ಒರೆಸಿಕೊಂಡ. “ಅಣ್ಣಾ, ಮಂದಿ ನಿಂತೈತಿ, ಮರಿ ಇಳಿಸಿ ಕುರ್ಚಿ ಕೊಡೋ,” ಎಂದವನು ಹೊಸ್ತಿಲು ದಾಟಿ ಒಳಗೆ ಹೋದ. ಒಳಗಿನಿಂದ ಅತ್ತಿಗೆಗೆ ಹೇಳುವ ಅವನ ದನಿ ಕೇಳಿತು: “ವೈನಿ, ಚಾ ಇಡಬೇ. ಸಕ್ಕರಿ ಜಾಸ್ತಿ ಹಾಕು.”

ಬಳಗದವರು ಸಭ್ಯರು. ಹಿಕ್ಕಿಯ ನಡುವೆ ಕುರ್ಚಿ ಹಾಕಿಕೊಂಡು ಚಹಾ ಕುಡಿದರು. ಹನಮಂತಪ್ಪನಿಗೆ ಕುರ್ಚಿ ಸಾಲಲಿಲ್ಲ. ಅವನು ತಮ್ಮನ ಪಕ್ಕ ಮನೆಯ ಕಟ್ಟೆಯ ಮೇಲೆ ಕೂತ. ಅಧ್ಯಕ್ಷರು ಹೋಗುವಾಗ ಇಷ್ಟು ಸಾವಯವವನ್ನು ತಾವು ಎಲ್ಲಿಯೂ ನೋಡಿಲ್ಲ ಎಂದು ಹೇಳಿದರು. ಬಹುಮಾನ ಹುಬ್ಬಳ್ಳಿಯಲ್ಲೇ ಯಾರಿಗೋ ಹೋಯಿತು. ಕುರ್ಚಿಯ ಮೇಲೆ ನಿಂತ ಮರಿಯ ಫೋಟೋ ಮಾತ್ರ ಬಳಗದಲ್ಲಿ ಬಹಳ ದಿನ ಓಡಾಡಿತಂತೆ.

ಮಳೆ ಬಿದ್ದ ಮೇಲೆ ಹುಲ್ಲು ಹಿಂದೆಂದೂ ಇಲ್ಲದಷ್ಟು ದಟ್ಟವಾಗಿ ಎದ್ದಿತು. ಅದರ ಜೊತೆಗೆ ಜಾಲಿಯೂ ಎದ್ದಿತು. ಕುರಿಗಳು ತಿಂದ ಜಾಲಿ ಕಾಯಿಯ ಬೀಜ ಹಿಕ್ಕಿಯಲ್ಲಿ ಕೂತು ಅಂಗಳದ ತುಂಬ ಮೊಳೆತಿತ್ತು. ಈಗ ಹನಮಂತಪ್ಪ ಕುಕ್ಕರುಗಾಲಲ್ಲಿ ಕೂತು ಜಾಲಿ ಸಸಿ ಕೀಳುತ್ತಾನೆ, ಬೆರಳಿಗೆ ಚುಚ್ಚಿದಾಗಲೆಲ್ಲ ತಮ್ಮನ ಹೆಸರು ಹಿಡಿದು ಬೈಯುತ್ತಾನೆ. ಬಹಳ ದಿನ ಬಾಯಿಗೆ ಬಾರದ ಹೆಸರಾದ್ದರಿಂದ ಬೈಯುವುದರಲ್ಲಿ ಅವಸರ ಮಾಡುವುದಿಲ್ಲ. ಕಟ್ಟೆಯ ಮೇಲೆ ‘ಲಾನಿಗೆ ಕುರಿಹಟ್ಟಿ ಪದ್ಧತಿ’ ತನ್ನದೇ ಸಂಶೋಧನೆ ಎಂದೂ, ಬಂಗಲೆಯಲ್ಲಿ ಇದನ್ನು ಮಾಡಲು ತನಗೆ ಬಿಡಲಿಲ್ಲವೆಂದೂ ಹೇಳುತ್ತಾನೆ. ಫಲಕ ಈಗ ಲಕ್ಷ್ಮವ್ವನ ನೀರಿನ ಹಂಡೆಯ ಮುಚ್ಚಳ. ಸುಗ್ಗಿ ಮುಗಿದ ಮೇಲೆ ಭೀಮಶಿ ಬರುತ್ತಾನೆ, ಕುರಿ ಅಂಗಳದಲ್ಲಿ, ತಾನು ಒಳಗೆ.

ಮೊನ್ನೆ ಫಾತಿಮಾಬಿ ಗೋಡೆಯ ಮೇಲೆ ಗದ್ದವಿಟ್ಟು ಕೇಳಿದಳು.

“ಹನಮಂತಣ್ಣಾ, ಖರೇ ಹೇಳು. ಕುರಿ ಕಾದ ಮನಿ ಮಗಾ ನೀ. ಕುರಿ ಹುಲ್ಲು ತಿಂತಾವಂತ ಗೊತ್ತಿರಲಿಲ್ಲೇನು ನಿನಗ?”

ಹನಮಂತಪ್ಪ ಒಂದು ಜಾಲಿ ಸಸಿಯನ್ನು ಬುಡ ಹಿಡಿದು ಕಿತ್ತು, ಬೇರಿನ ಮಣ್ಣು ಕೊಡವಿದ.

“ಗೊತ್ತಿರಲಿಲ್ಲ ನೋಡವ್ವಾ,” ಎಂದ. “ಮೊಬೈಲ್‌ನಾಗ ಬ್ಯಾರೇನ ಬಂದಿತ್ತು.”